ಮೈಸೂರಿನಿಂದ ಕರಾವಳಿ, ಮಲೆನಾಡು ಐದು ದಿನ: ಯಾವ ಘಾಟಿ ಇಳಿಯೋದು, ಯಾವುದು ಹತ್ತೋದು?

ಒಂಟಿಕೊಪ್ಪಲ್ ಸವಾರಿ:

ದಸರಾ ಗಲಾಟೆ ಮುಗಿದ ಮೇಲೆ, ಅಕ್ಟೋಬರ್ ಕೊನೇ ವಾರ, ಐದು ದಿನ ಕರಾವಳಿ ಕಡೆ ಹೊರಡೋ ಯೋಚನೆ ಇದೆ. ಮೈಸೂರಿನಿಂದ ಸ್ವಂತ ಕಾರು, ಐದು ಜನ. ಅಮ್ಮನಿಗೆ ಮಂಡಿ ನೋವು. ಏಳು ವರ್ಷದ ಮಗಳಿಗೆ ಚಾಮುಂಡಿ ಬೆಟ್ಟದ ತಿರುವಿಗೇ ಹೊಟ್ಟೆ ತೊಳಸುತ್ತೆ. ಕಾರು ಆಟೋಮ್ಯಾಟಿಕ್, ನನಗೆ ಘಾಟಿಯಲ್ಲಿ ಓಡಿಸಿದ ಅಭ್ಯಾಸ ಕಡಿಮೆ.

ಮನೆಯವರೆಲ್ಲ ಸೇರಿ ಮಾಡಿರೋ ಪಟ್ಟಿ: ಕುಕ್ಕೆ, ಧರ್ಮಸ್ಥಳ, ಮಂಗಳೂರು, ಉಡುಪಿ, ಸೇಂಟ್ ಮೇರೀಸ್ ದ್ವೀಪ, ಕೊಲ್ಲೂರು, ಮುರ್ಡೇಶ್ವರ, ಗೋಕರ್ಣ, ಜೋಗ, ಆಗುಂಬೆ, ಶೃಂಗೇರಿ.

ಮಡಿಕೇರಿ ಮೇಲೆ ಇಳಿಯೋದು ಒಳ್ಳೇದಾ, ಹಾಸನ–ಶಿರಾಡಿ ಮೇಲಾ? ಆ ಹೊತ್ತಿಗೆ ಮಳೆ ಇರುತ್ತಾ? ದ್ವೀಪಕ್ಕೆ ದೋಣಿ ಬಿಟ್ಟಿರ್ತಾರಾ? ಪಟ್ಟಿಯಲ್ಲಿ ಯಾವುದನ್ನ ಹೊಡೆದುಹಾಕಲಿ?

ಎರಡನೇ ಗೇರ್:

ಹನ್ನೊಂದು ಜಾಗ, ಐದು ದಿನ. ಇದರಲ್ಲಿ ಎರಡು ದಿನ ಹೋಗೋದು ಬರೋದಕ್ಕೇ ಆಯ್ತು. ಗೋಕರ್ಣ, ಜೋಗ ಮೊದಲು ತೆಗೀರಿ. ಉಡುಪಿಯಿಂದ ಗೋಕರ್ಣಕ್ಕೇ ಹೆಚ್ಚುಕಮ್ಮಿ 175 ಕಿ.ಮೀ. ಆಗುತ್ತೆ. ಜೋಗದ 253 ಮೀಟರ್ ಎತ್ತರ ಎಲ್ಲೂ ಹೋಗಲ್ಲ, ಆದರೆ ಶರಾವತಿ ನೀರು ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನಿಂತಿರುತ್ತೆ, ಮಳೆ ಕಳೆದ ಮೇಲೆ ಜಲಪಾತ ಸಣ್ಣಗಾಗುತ್ತೆ. ಅದನ್ನ ಜುಲೈ–ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಕಡೆಯಿಂದ ನೋಡೋದೇ ಸರಿ. ಕುಕ್ಕೆ, ಧರ್ಮಸ್ಥಳಕ್ಕೆ ಮೈಸೂರಿನಿಂದ ನೇರ ಬಸ್ಸಿದೆ, ಇನ್ಯಾವತ್ತಾದ್ರೂ ಹೋಗಿಬರಬಹುದು. ಎಲ್ಲಾ ದೇವಸ್ಥಾನವನ್ನೂ ಒಂದೇ ಪ್ರವಾಸಕ್ಕೆ ತುರುಕಿದರೆ ಅಮ್ಮನ ಮಂಡಿ ಸರತಿ ಸಾಲಲ್ಲೇ ಸೋತುಹೋಗುತ್ತೆ.

ಉಳಿದದ್ದಕ್ಕೆ ನನ್ನ ಲೆಕ್ಕ ಹೀಗೆ. ಘಟ್ಟವನ್ನ ಎರಡೇ ಸಲ ದಾಟಿ: ಅಗಲವಾದ ಘಾಟಿಯಲ್ಲಿ ಇಳಿಯಿರಿ, ಕಿರಿದಾದ ಘಾಟಿಯಲ್ಲಿ ಹತ್ತಿ. ಅಂದ್ರೆ ಮಡಿಕೇರಿ–ಸಂಪಾಜೆಯಲ್ಲಿ ಇಳಿದು, ಆಗುಂಬೆಯಲ್ಲಿ ಹತ್ತಿ, ಶೃಂಗೇರಿ–ಚಿಕ್ಕಮಗಳೂರು–ಹಾಸನದ ಮೇಲೆ ವಾಪಸ್. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು, ಕೆಲವು ಕಡೆ ಬಸ್ಸು ತಿರುಗಿದರೆ ರಸ್ತೆಯೇ ತುಂಬಿಹೋಗುತ್ತೆ. ಹತ್ತುವಾಗ ಬ್ರೇಕಿಗೆ ಕೆಲಸ ಕಡಿಮೆ, ವೇಗ ತಾನಾಗೇ ಕಡಿಮೆ, ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು. ಕಿರಿದಾದ ಏರಿನಲ್ಲಿ ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡಬೇಕು ಅನ್ನೋದು ನಿಯಮವೂ ಹೌದು. ಅಭ್ಯಾಸ ಇಲ್ಲದವರಿಗೆ ಕಷ್ಟ ಬರೋದು ಇಳಿಯುವಾಗ.

ಮಡಿಕೇರಿ ಮೇಲೆ ಮೈಸೂರು–ಮಂಗಳೂರು ಸುಮಾರು 250 ಕಿ.ಮೀ. ಹಾಸನ–ಸಕಲೇಶಪುರ–ಶಿರಾಡಿ ಮೇಲೆ ಮೂವತ್ತಕ್ಕೂ ಹೆಚ್ಚು ಕಿ.ಮೀ. ಸುತ್ತು. ಜೊತೆಗೆ ಮಂಗಳೂರು ಬಂದರಿನ ಲಾರಿ, ಟ್ಯಾಂಕರ್ ಎಲ್ಲ ಅದೇ ದಾರಿ. ಮಳೆ ಜೋರಾದರೆ ಸಕಲೇಶಪುರದ ಹತ್ತಿರ ದೋಣಿಗಾಲ್ ಕಡೆ ಗುಡ್ಡ ಜರಿಯೋದು ಪ್ರತಿವರ್ಷದ ಸುದ್ದಿ. ಹಾಗಂತ ಮಡಿಕೇರಿ ರಸ್ತೆ ಪೂರ್ತಿ ಭದ್ರ ಅಂತೇನಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡವೇ ಇಳಿದುಬಂದು ಸಂಪರ್ಕ ಕಡಿದಿತ್ತು. ಹೊರಡೋ ಹಿಂದಿನ ಸಂಜೆ ಕೊಡಗು ಜಿಲ್ಲಾಡಳಿತದ ಪ್ರಕಟಣೆ ಒಂದು ಸಲ ನೋಡ್ಕೊಳ್ಳಿ.

ಬೆಳಗ್ಗೆ ಐದೂವರೆಗೆ ಹಿನಕಲ್ ಬಿಟ್ಟರೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಎಂಟೂವರೆಗೆ ಮಡಿಕೇರಿ. ಅಷ್ಟೊತ್ತಿಗೆ ಮಂಜು ಸರಿದಿರುತ್ತೆ. ಆರು ಗಂಟೆಗೇ ಮಡಿಕೇರಿ ತಲುಪಿದರೆ ಎದುರಿನ ಗಾಡಿಯ ದೀಪ ಕಾಣೋದೂ ಕಷ್ಟ. ಮಡಿಕೇರಿ ಇರೋದು ಸುಮಾರು 1,150 ಮೀಟರ್ ಎತ್ತರದಲ್ಲಿ. ಸಂಪಾಜೆವರೆಗಿನ ಮೂವತ್ತು ಕಿ.ಮೀ. ಚಿಲ್ಲರೆಯಲ್ಲಿ ಅದರ ಬಹುಪಾಲು ಇಳಿದುಬಿಡ್ತೀರಿ. ಕಿವಿ ಕಟ್ಟುತ್ತೆ, ಮಗಳಿಗೆ ಚೀಪೋಕೆ ಪೆಪ್ಪರ್‌ಮೆಂಟ್ ಕೊಡಿ. ಆಮೇಲೆ ಸುಳ್ಯ, ಪುತ್ತೂರು, ಮಾಣಿ. ಮಾಣಿಯಲ್ಲಿ ಬೆಂಗಳೂರು ಹೆದ್ದಾರಿಗೆ ಸೇರಿ, ಮಧ್ಯಾಹ್ನದ ಊಟಕ್ಕೆ ಮಂಗಳೂರು.

ಆಟೋಮ್ಯಾಟಿಕ್ ಕಾರಿನ ವಿಷಯ. ಇಳಿಜಾರಿನಲ್ಲಿ ಡಿ ಹಾಕಿಕೊಂಡು ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ. ಡಿಸ್ಕ್ ಕಾದು, ಆ ಶಾಖಕ್ಕೆ ಬ್ರೇಕ್ ಆಯಿಲ್ ಕುದಿಯೋಕೆ ಶುರುವಾದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತೆ. ಕಾರನ್ನ ಕೆಳ ಗೇರಿನಲ್ಲೇ ಹಿಡಿದಿಡೋಕೆ ನಿಮ್ಮ ಕಾರಲ್ಲಿ ಎಲ್, 2, ಎಸ್ ಅಥವಾ ಮ್ಯಾನ್ಯುಯಲ್ ಮೋಡ್ ಯಾವುದೋ ಒಂದು ಇರುತ್ತೆ. ಇಳಿಜಾರು ಶುರುವಾಗೋ ಮುಂಚೆಯೇ ಅದಕ್ಕೆ ಹಾಕಿ, ವೇಗ ಹಿಡಿದ ಮೇಲಲ್ಲ. ಎಂಜಿನ್ ಗೊರ್ ಅಂತ ಕೂಗುತ್ತೆ, ಕೂಗಲಿ. ಬ್ರೇಕನ್ನ ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಅಗಲ ಇರೋ ಕಡೆ ನಿಲ್ಲಿಸಿ ಕಾಲು ಗಂಟೆ ಆರಕ್ಕೆ ಬಿಡಿ. ಕಾದ ಡಿಸ್ಕ್ ಮೇಲೆ ನೀರು ಹುಯ್ಯಬೇಡಿ, ಸೊಟ್ಟಗಾಗುತ್ತೆ. ಹೊರಡೋ ವಾರ ಬ್ರೇಕ್ ಪ್ಯಾಡ್, ವೈಪರ್ ರಬ್ಬರ್, ಸ್ಟೆಪ್ನಿ ಗಾಳಿ ಮೂರನ್ನೂ ನೋಡಿಸಿ.

ಮಗಳ ವಾಂತಿಗೆ ಮಾತ್ರೆ, ಅದರ ಪ್ರಮಾಣ ಎರಡನ್ನೂ ಮಕ್ಕಳ ಡಾಕ್ಟರನ್ನೇ ಕೇಳಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಉಪಯೋಗ ಇಲ್ಲ, ಮಡಿಕೇರಿಗೆ ಒಂದು ಗಂಟೆ ಮುಂಚೆ, ಅಂದ್ರೆ ಪಿರಿಯಾಪಟ್ಟಣದಲ್ಲೇ ಕೊಟ್ಟಿರಬೇಕು. ಖಾಲಿ ಹೊಟ್ಟೆಯೂ ಬೇಡ, ಮಸಾಲೆ ದೋಸೆಯೂ ಬೇಡ, ಎರಡು ಇಡ್ಲಿ ಸಾಕು. ಹಿಂದಿನ ಸೀಟಿನ ಮಧ್ಯದಲ್ಲಿ ಬೆಲ್ಟ್ ಹಾಕಿ ಕೂರಿಸಿ, ರಸ್ತೆ ಎದುರಿಗೆ ಕಾಣಬೇಕು. ಮೊಬೈಲ್ ಕೈಗೆ ಕೊಟ್ಟರೆ ಮುಗೀತು ಕತೆ.

ಪಡುವಣ ಗಾಳಿ:

ಮೇಲಿನವರು ದಾರಿ ಸರಿಯಾಗಿ ಹೇಳಿದ್ದಾರೆ. ಕಡಲ ಕಡೆಯದ್ದು ನಾನು ಹೇಳುತ್ತೇನೆ.

ಅಕ್ಟೋಬರ್ ಕೊನೆ ಅಂದರೆ ಜಡಿಮಳೆ ಮುಗಿದಿರುತ್ತದೆ. ಆದರೆ ಮಧ್ಯಾಹ್ನ ಮೂರರ ನಂತರ ಘಟ್ಟದ ಕಡೆಯಿಂದ ಕಪ್ಪು ಮೋಡ ಕಟ್ಟಿ ಗುಡುಗು ಸಿಡಿಲಿನ ಮಳೆ ಒಂದೆರಡು ಗಂಟೆ ಹೊಡೆಯುವುದು ಸಾಮಾನ್ಯ. ಬೆಳಗ್ಗೆ ಆಕಾಶ ಶುಭ್ರ. ಹೀಗಾಗಿ ಹೊರಗಿನ ಓಡಾಟ ಎಲ್ಲ ಹನ್ನೆರಡರೊಳಗೆ ಮುಗಿಸಿ. ಸಿಡಿಲಿರುವಾಗ ಬೀಚಿನ ಬಯಲಲ್ಲಿ, ತೆಂಗಿನ ಮರದ ಬುಡದಲ್ಲಿ ನಿಲ್ಲಬಾರದು. ಮೈಸೂರಿನ ಹವೆಗೆ ಒಗ್ಗಿದವರಿಗೆ ಇಲ್ಲಿನ ಸೆಕೆ ಮೊದಲ ದಿನ ಹಿಂಸೆ. ಬೆವರು ಆರುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ. ಜೀನ್ಸ್ ಮನೆಯಲ್ಲೇ ಬಿಡಿ, ತೆಳು ಹತ್ತಿ ಬಟ್ಟೆ ಒಂದೆರಡು ಜೊತೆ ಹೆಚ್ಚು ಇರಲಿ. ಹಿರಿಯರಿಗೆ ಎಳನೀರು, ಮಜ್ಜಿಗೆ ಆಗಾಗ ಕೊಡುತ್ತಿರಿ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ದೋಣಿ. ಮಳೆಗಾಲದಲ್ಲಿ ಪೂರ್ತಿ ಬಂದ್, ನಂತರ ಕಡಲು ಶಾಂತವಾದ ಮೇಲೆ ಅನುಮತಿ ಸಿಕ್ಕರೆ ಶುರು. ಅಕ್ಟೋಬರ್ ಕೊನೆಗೆ ಸಾಮಾನ್ಯವಾಗಿ ಓಡುತ್ತಿರುತ್ತವೆ, ಆದರೂ ಗಾಳಿ ಎದ್ದರೆ ಆ ದಿನ ನಿಲ್ಲಿಸುತ್ತಾರೆ. ಅದಕ್ಕೇ ಉಡುಪಿಯಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ, ಒಂದು ಬೆಳಗ್ಗೆ ತಪ್ಪಿದರೆ ಇನ್ನೊಂದು ಇರುತ್ತದೆ. ಬೇಗ ಹೋದಷ್ಟೂ ಒಳ್ಳೆಯದು, ಹನ್ನೊಂದರ ನಂತರ ಬಂಡೆ ಕಾದು ನೆರಳಿಗೆ ಪರದಾಡಬೇಕು. ಅಲ್ಲಿನ ಕಂಬದಂಥ ಶಿಲೆಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದ ಲಾವಾ ತಣ್ಣಗಾಗುತ್ತಾ ಕುಗ್ಗಿ ಸೀಳಿಕೊಂಡದ್ದು. ಐದಾರು ಮುಖದ ಕಂಬಗಳಾದದ್ದು ಆ ಕುಗ್ಗುವಿಕೆಯಿಂದ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು, ಕಲ್ಲು ಕೀಳುವಂತಿಲ್ಲ. ತೆರೆ ಬಡಿಯುವ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಸೆಲ್ಫಿಗೆಂದು ಅಂಚಿಗೆ ಹೋಗಬೇಡಿ. ಮಂಡಿ ನೋವಿರುವವರು ದೋಣಿ ಹತ್ತಿಳಿಯುವಾಗ ಇಬ್ಬರು ಹಿಡಿದುಕೊಳ್ಳಬೇಕು, ದ್ವೀಪದ ನೆಲವೂ ಏರುಪೇರು. ಅಮ್ಮ, ಅಪ್ಪ ಮಲ್ಪೆ ಬೀಚಿನಲ್ಲೇ ಕುಳಿತಿದ್ದರೆ ನಷ್ಟವೇನಿಲ್ಲ.

ಕಡಲಿಗೆ ಇಳಿಯುವ ಬಗ್ಗೆ ಒಂದು ವಿಷಯ ಘಟ್ಟದ ಮೇಲಿನವರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಕಾವೇರಿಯಲ್ಲಿ ಈಜು ಕಲಿತವರು ಕಡಲಿನಲ್ಲೂ ಧೈರ್ಯ ಮಾಡುತ್ತಾರೆ. ದಡಕ್ಕೆ ನುಗ್ಗಿ ಬಂದ ನೀರು ಎಲ್ಲಿಂದಾದರೂ ಹಿಂದಕ್ಕೆ ಹೋಗಲೇಬೇಕಲ್ಲ, ಅದು ಕಿರಿದಾದ ಒಂದು ಓಣಿ ಮಾಡಿಕೊಂಡು ವಾಪಸ್ ಹರಿಯುತ್ತದೆ. ಆ ಜಾಗದಲ್ಲಿ ತೆರೆ ಒಡೆಯುವುದಿಲ್ಲ, ನೀರು ಸ್ವಲ್ಪ ಕಪ್ಪಾಗಿ, ಸುಮ್ಮನಿದ್ದಂತೆ ಕಾಣುತ್ತದೆ. ಇಲ್ಲೇ ಅಲೆ ಇಲ್ಲ ಅಂತ ಮಕ್ಕಳನ್ನು ಇಳಿಸುವುದು ಅಲ್ಲಿಗೇ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ತೆರೆ ಒಡೆಯುವ ಕಡೆ ಬಂದು, ಅದರ ಜೊತೆ ದಡ ಸೇರಬೇಕು. ಈಜು ಬಾರದಿದ್ದರೆ ಬೆನ್ನ ಮೇಲೆ ತೇಲಿ ಕೈ ಎತ್ತಿ ಕೂಗಿ. ಜೀವರಕ್ಷಕರು ಇರುವ ಮಲ್ಪೆಯಂಥ ಕಡೆಯೇ ಇಳಿಯಿರಿ, ಕೆಂಪು ಬಾವುಟ ಇದ್ದರೆ ಇಲ್ಲ. ಏಳು ವರ್ಷದ ಮಗುವಿಗೆ ಮಂಡಿವರೆಗಿನ ನೀರು, ಕೈ ಹಿಡಿದೇ ಇರಬೇಕು.

ಮಂಗಳೂರಿನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಸುಮಾರು 60 ಕಿ.ಮೀ., ಒಂದೂವರೆ ಗಂಟೆ. ಆದರೆ ಒಳದಾರಿ ಹಿಡಿಯಿರಿ: ಮೂಡಬಿದಿರೆ, ಕಾರ್ಕಳ, ಉಡುಪಿ. ಮೂವತ್ತು ಕಿ.ಮೀ. ಹೆಚ್ಚಾಗಬಹುದು. ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ಓಡಾಡುವ ಜಾಗ ಸಮತಟ್ಟು. ಕಾರ್ಕಳದ 42 ಅಡಿ ಬಾಹುಬಲಿ 1432ರದ್ದು, ಬಂಡೆಯ ಮೇಲಿದೆ. ಬಿಸಿಲೇರಿದರೆ ಬರಿಗಾಲು ಸುಡುತ್ತದೆ, ಕಾಲುಚೀಲ ಇರಲಿ. ಶ್ರವಣಬೆಳಗೊಳ ನೋಡಿದವರಿಗೆ ಕಾರ್ಕಳ ಬೇಡ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಲ್ಲಿಂದ ಕಾಣುವ ಘಟ್ಟದ ಸಾಲಿಗಾಗಿಯಾದರೂ ಹತ್ತಬೇಕು.

ಮುರ್ಡೇಶ್ವರ ಉಡುಪಿಯಿಂದ ನೂರು ಕಿ.ಮೀ. ಆಸುಪಾಸು, ಹೋಗಿಬರಲು ಒಂದು ದಿನ. ಗೋಪುರಕ್ಕೆ ಲಿಫ್ಟ್ ಇರುವುದರಿಂದ ಅಮ್ಮನಿಗೆ ಕಷ್ಟವಿಲ್ಲ. ದಾರಿಯಲ್ಲೇ ಮರವಂತೆ ಸಿಗುತ್ತದೆ, ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ವೇಗದ ಹೆದ್ದಾರಿ ಅದು, ಕಾರನ್ನು ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಮಗುವನ್ನು ರಸ್ತೆ ದಾಟಿಸಬೇಡಿ. ಕೊಲ್ಲೂರು ಸೇರಿಸಿದರೆ ಮುರ್ಡೇಶ್ವರ ಬಿಡಬೇಕು, ಎರಡೂ ಒಂದೇ ದಿನಕ್ಕೆ ಬೇಡ.

ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆಯಬೇಕಾಗುತ್ತದೆ. ಪಂಚೆ, ಶಲ್ಯ ಕೈಚೀಲದಲ್ಲೇ ಇರಲಿ. ಊಟಕ್ಕೆ ಕುಚ್ಚಲಕ್ಕಿ ಅನ್ನ ಒಗ್ಗದಿದ್ದರೆ "ಬೆಳ್ತಿಗೆ" ಎಂದು ಕೇಳಿ, ಬಿಳಿ ಅನ್ನ ಬಡಿಸುತ್ತಾರೆ. ಮೀನು ತಿನ್ನುವವರಾದರೆ ಕಾಲ ಚೆನ್ನಾಗಿದೆ. ಯಾಂತ್ರಿಕ ದೋಣಿಗಳ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಈಗ ತಾಜಾ ಬಂಗುಡೆ, ಬೂತಾಯಿ ಸಿಗುತ್ತವೆ. ಅಂಜಲ್ ಯಾವಾಗಲೂ ದುಬಾರಿ, ತಟ್ಟೆಗೆ ಬರುವ ಮುಂಚೆ ಬೆಲೆ ಕೇಳಿ. ಕಂಬಳ, ಮೇಳಗಳ ಯಕ್ಷಗಾನ ನೋಡಬೇಕಿದ್ದರೆ ನವೆಂಬರ್ ಕಳೆದು ಬರಬೇಕು.

ಬೆಲ್ಲದ ಗಾಡಿ, ಮಂಡ್ಯ:

ಕಾರಿಲ್ದೆ ಓಗೋರ್ಗೂ ಒಂದ್ ಮಾತಿರ್ಲಿ ಅಂತ ಬರೀತಿವ್ನಿ. ನಮ್ ಮಂಡ್ಯದೋರು ಮೈಸೂರ್‌ಗೆ ಬಂದು ಮಂಗ್ಳೂರ್ ಬಸ್ ಅತ್ತೋದೇ ವಾಸಿ. ಇಲ್ಲಾಂದ್ರೆ ನಾಗಮಂಗ್ಲ, ಬೆಳ್ಳೂರ್ ಕ್ರಾಸ್‌ಗೋಗಿ ಆಸನದ್ ಕಡೆ ಬಸ್ ಇಡೀಬೋದು.

ಎಣ್ಮಕ್ಳಿಗೆ ಶಕ್ತಿ ಯೋಜನೆ ಸರ್ಕಾರಿ ಸಾಮಾನ್ಯ, ವೇಗದೂತ ಬಸ್ಸಿಗೆ ಮಾತ್ರ. ರಾಜಹಂಸ, ಐರಾವತಕ್ಕೆ ಇಲ್ಲ. ಕರಾವಳೀಲಿ ಊರಿಂದೂರ್ಗೆ ಓಡೋದು ಎಚ್ಗೆ ಖಾಸಗಿ ಬಸ್ಸು, ಅಲ್ಲಿ ಆಧಾರ್ ತೋರ್ಸುದ್ರೆ ಕಂಡಕ್ಟ್ರು ನಗ್ತಾನೆ ಅಷ್ಟೇ. ಚಿಲ್ರೆ ದುಡ್ ಮಡಿಕ್ಕಳಿ. ಇನ್ನೊಂದು: ಮಂಗ್ಳೂರಲ್ಲಿ ಸರ್ಕಾರಿ ಬಸ್ ನಿಲ್ಲೋದು ಬಿಜೈನಲ್ಲಿ, ಉಡುಪಿ ಕಡೆ ಖಾಸಗಿ ಬಸ್ಸು ಒರ್ಡೋದು ಸ್ಟೇಟ್ ಬ್ಯಾಂಕ್ ತಾವ. ಎರಡ್ಕೂ ಮೂರ್ ಕಿಲೋಮೀಟ್ರು ಆಯ್ತದೆ, ಲಗೇಜ್ ಒತ್ಕಂಡು ನಡೀಬ್ಯಾಡಿ, ಆಟೋ ಮಾಡಿ.

ಬೆಂಗ್ಳೂರಿಂದ ಮೈಸೂರ್ ಮೇಲೆ ಮುರ್ಡೇಶ್ವರಕ್ಕೋಗೋ ರಾತ್ರಿ ರೈಲೈತೆ. ಯಾವ್ಯಾವ್ ದಿನ ಅಂತ ರೈಲ್ವೆ ಆಪಲ್ಲಿ ನೋಡ್ಕಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಗಂಟ 55 ಕಿಲೋಮೀಟ್ರಲ್ಲಿ ಐವತ್ಕಿಂತ ಎಚ್ಗೆ ಸುರಂಗ, ನೂರ್‌ಕಿಂತ ಎಚ್ಗೆ ಸೇತುವೆ. ಆದ್ರೆ ರಾತ್ರಿ ರೈಲಲ್ಲಿ ಒಂದೂ ಕಾಣಾಕಿಲ್ಲ, ಘಾಟಿ ನೋಡೋ ಆಸೆ ಇದ್ರೆ ಹಗಲ್ ರೈಲೇ ಬೇಕು. ಆ ಮಗೀಗೆ ವಾಂತಿ ಅಂದ್ರಲ್ಲ, ರೈಲಲ್ಲಿ ಆ ತಾಪತ್ರಯನೇ ಇಲ್ಲ. ಮಂಗ್ಳೂರಲ್ಲಿ ಎರಡು ಟೇಸನ್ನು, ಸೆಂಟ್ರಲ್ ಊರೊಳ್ಗೆ, ಜಂಕ್ಷನ್ ಊರಾಚೆ. ಟಿಕೆಟ್ ಮಾಡ್ವಾಗ ಯಾವ್ದು ಅಂತ ನೋಡ್ಬುಡಿ.

ಒಂಟಿಕೊಪ್ಪಲ್ ಸವಾರಿ:

ಎಲ್ಲರಿಗೂ ಥ್ಯಾಂಕ್ಸ್. ಮನೇಲಿ ಚರ್ಚೆ ಆಗಿ ಗೋಕರ್ಣ, ಜೋಗ, ಕುಕ್ಕೆ, ಧರ್ಮಸ್ಥಳ, ಮುರ್ಡೇಶ್ವರ ಕೈಬಿಟ್ಟೆವು. ಮಂಗಳೂರು ಒಂದು ರಾತ್ರಿ, ಉಡುಪಿ ಎರಡು, ಶೃಂಗೇರಿ ಒಂದು. ಕೊಲ್ಲೂರು ಮೂರನೇ ದಿನ. ಇನ್ನು ಆಗುಂಬೆ ಸೂರ್ಯಾಸ್ತಕ್ಕೆ ಎಷ್ಟು ಹೊತ್ತಿಗೆ ಉಡುಪಿ ಬಿಡಬೇಕು? ಇಂಬಳ (ಜಿಗಣೆ) ಇನ್ನೂ ಇರುತ್ತಾ? ಮಂಗನ ಕಾಯಿಲೆ ಅಂತ ಅಮ್ಮ ಹೆದರಿದ್ದಾರೆ. ನನಗೊಬ್ಬನಿಗೆ ಕುದುರೆಮುಖ ಶಿಖರ ಹತ್ತೋ ಆಸೆ ಬೇರೆ.

ಹೆಬ್ರಿ ಮೇಲಿನ ತಿರುವು:

ಉಡುಪಿಯಿಂದ ಆಗುಂಬೆ ಸುಮಾರು 55 ಕಿ.ಮೀ. ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ ಘಾಟಿ. ಅಕ್ಟೋಬರ್ ಕೊನೆಗೆ ಸೂರ್ಯ ಮುಳುಗೋದು ಆರು ಗಂಟೆ ಸುಮಾರಿಗೆ. ಮಧ್ಯಾಹ್ನ ಎರಡಕ್ಕೆ ಉಡುಪಿ ಬಿಟ್ಟು, ಹೆಬ್ರಿಯಲ್ಲಿ ಪೆಟ್ರೋಲ್ ಹಾಕಿಸಿಕೊಂಡು, ನಾಲ್ಕರೊಳಗೆ ಘಾಟಿ ಹತ್ತಿಬಿಡಿ. ಸೂರ್ಯಾಸ್ತದ ಕಟ್ಟೆ ರಸ್ತೆ ಪಕ್ಕದಲ್ಲೇ, ಕೆಲವು ಮೆಟ್ಟಿಲು ಅಷ್ಟೇ, ಅಮ್ಮನಿಗೆ ಆಗುತ್ತೆ. ಆದರೆ ಆಸೆ ಜಾಸ್ತಿ ಇಟ್ಕೋಬೇಡಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳೋ ಊರು ಅದು, ಅಕ್ಟೋಬರ್‌ನಲ್ಲಿ ಸಂಜೆ ಹೊತ್ತು ಮೋಡ ಮುಚ್ಚಿರೋದೇ ಹೆಚ್ಚು. ಅರಬ್ಬಿ ಸಮುದ್ರದವರೆಗೆ ನಿಚ್ಚಳವಾಗಿ ಕಾಣೋದು ನವೆಂಬರ್ ಕೊನೆಯಿಂದ ಜನವರಿವರೆಗೆ. ಮೋಡ ಇದ್ದರೆ ಕಾಯುತ್ತಾ ಕೂರದೆ ಬೆಳಕಿರುವಾಗಲೇ ಶೃಂಗೇರಿಗೆ ಹೊರಡಿ, 28 ಕಿ.ಮೀ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತೆ, ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ಘಾಟಿಯಲ್ಲಿ ಮಂಗಗಳಿಗೆ ತಿಂಡಿ ಎಸೆಯಬೇಡಿ, ತಿರುವಿನಲ್ಲಿ ಕಾರು ನಿಲ್ಲೋದು, ಹಿಂದಿನವನು ಗುದ್ದೋದು ಇದಕ್ಕೇ.

ಒಂದುವೇಳೆ ಆಗುಂಬೆ ಘಾಟಿ ಮುಚ್ಚಿದ್ದರೆ ಕಾರ್ಕಳ, ಬಜಗೋಳಿ, ಕೆರೆಕಟ್ಟೆ ಮೇಲೆ ಶೃಂಗೇರಿ ಸೇರಬಹುದು. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗೋ ದಾರಿ. ತನಿಖಾ ಠಾಣೆಯಲ್ಲಿ ಸಮಯ ಬರೆದ ಚೀಟಿ ಕೊಟ್ಟರೆ ಆ ಸಮಯದೊಳಗೆ ಆಚೆ ಠಾಣೆ ದಾಟಬೇಕು. ನಡುವೆ ಹೊಳೆಗೆ ಇಳಿದು ಫೋಟೋ ತೆಗೆಯುತ್ತಾ ಕೂತರೆ ದಂಡ.

ಇಂಬಳ ಇರುತ್ತೆ. ಒಣಗಿದ ರಸ್ತೆ ಮೇಲೆ ಇರಲ್ಲ, ಹಸಿ ಎಲೆ ಬಿದ್ದಿರೋ ಕಾಲುದಾರಿಗೆ ಇಳಿದರೆ ಹತ್ತುತ್ತೆ. ಪ್ಯಾಂಟನ್ನ ಕಾಲುಚೀಲದ ಒಳಗೆ ಸೇರಿಸಿ, ಕಾಲುಚೀಲದ ಮೇಲೆ ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಸವರಿ. ಕಚ್ಚಿದ್ದನ್ನ ಜಗ್ಗಿ ಕೀಳಬೇಡಿ, ಉಗುರನ್ನ ಬಾಯಿಯ ಬುಡಕ್ಕೆ ತಾಗಿಸಿ ಪಕ್ಕಕ್ಕೆ ಜಾರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡೋ ರಸ ಬಿಟ್ಟಿರುತ್ತೆ, ಅದಕ್ಕೇ ಅಷ್ಟು ಹೊತ್ತು ಒಸರೋದು. ಸೋಪು ನೀರಲ್ಲಿ ತೊಳೆದು ಹತ್ತಿ ಒತ್ತಿ ಹಿಡಿದರೆ ಸಾಕು. ಅಪ್ಪನೋ ಅಮ್ಮನೋ ರಕ್ತ ತೆಳುಮಾಡೋ ಮಾತ್ರೆ ತಗೊಳ್ತಿದ್ದರೆ ಮಾತ್ರ ಕಾಲುದಾರಿಯೇ ಬೇಡ.

ಮಂಗನ ಕಾಯಿಲೆ ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ (ಉಣುಗು) ಹುಳ ಕಚ್ಚಿ ಹರಡುತ್ತೆ, ಹೆಚ್ಚೋದು ಡಿಸೆಂಬರ್‌ನಿಂದ ಮೇವರೆಗೆ, ಎಲೆ ಒಣಗಿದ ಕಾಲದಲ್ಲಿ. ರಸ್ತೆ, ದೇವಸ್ಥಾನ, ಹೋಟೆಲ್ ಅಂತ ಓಡಾಡೋರಿಗೆ ಭಯ ಪಡೋ ಅಂಥದ್ದಿಲ್ಲ. ತರಗೆಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಮಲೆನಾಡಿಂದ ವಾಪಸಾದ ಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಮೈಸೂರಲ್ಲಿ ಕೂತ ಡಾಕ್ಟರಿಗೆ ಅದು ತಾನಾಗಿ ಹೊಳೆಯಲ್ಲ.

ಕುದುರೆಮುಖ ಈ ಪ್ರವಾಸಕ್ಕೆ ಬೇಡ. ಸುಮಾರು 1,890 ಮೀಟರ್ ಶಿಖರ, ಮುಳ್ಳೋಡಿಯಿಂದ ಹೋಗಿಬರೋಕೆ 20 ಕಿ.ಮೀ. ಮೇಲೆ, ಪೂರ್ತಿ ಹಗಲು ಬೇಕು. ಅರಣ್ಯ ಇಲಾಖೆಯ ಆನ್‌ಲೈನ್ ಪರವಾನಗಿ ಮೊದಲೇ ಪಡೆದಿರಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ವಾರಾಂತ್ಯದ್ದು ಬೇಗ ಖಾಲಿ. ಮನೆಯವರನ್ನ ಕೆಳಗೆ ಕೂರಿಸಿ ನೀವೊಬ್ಬರೇ ಹತ್ತೋದು ಯಾವ ನ್ಯಾಯ? ಬದಲಿಗೆ ಆಗುಂಬೆಯ ಹತ್ತಿರದ ಕುಂದಾದ್ರಿ ನೋಡಿ, ಮೇಲಿನ ಬಸದಿ ಹತ್ತಿರದವರೆಗೂ ಕಾರು ಹೋಗುತ್ತೆ. ಕೊನೆಯ ಏರು ತುಂಬಾ ಕಡಿದು, ಐದು ಜನ ತುಂಬಿದ ಸಣ್ಣ ಕಾರು ತಿಣುಕುತ್ತೆ. ಏಸಿ ಆರಿಸಿ, ಎಲ್‌ಗೆ ಹಾಕಿ ಹತ್ತಿ. ಇಳಿಯುವಾಗಲೂ ಅದೇ ಎಲ್.

ಎರಡನೇ ಗೇರ್:

ಕೊನೇ ದಿನದ್ದು: ಶೃಂಗೇರಿ, ಜಯಪುರ, ಬಾಳೆಹೊನ್ನೂರು, ಆಲ್ದೂರು, ಚಿಕ್ಕಮಗಳೂರು, ಬೇಲೂರು, ಹಾಸನ, ಹೊಳೆನರಸೀಪುರ, ಕೆ.ಆರ್. ನಗರ, ಮೈಸೂರು. ಒಟ್ಟು 270 ಕಿ.ಮೀ. ಆಸುಪಾಸು, ನಿಲ್ಲದೆ ಬಂದರೂ ಏಳು ಗಂಟೆ. ಹೇರ್‌ಪಿನ್ ಇಲ್ಲದಿದ್ದರೂ ಚಿಕ್ಕಮಗಳೂರುವರೆಗೆ ಕಾಫಿ ತೋಟದ ನಡುವೆ ಬರೀ ತಿರುವು, ಮಗಳ ಮಾತ್ರೆ ಆವತ್ತೂ ಬೇಕು. ಬೆಳಗ್ಗೆ ದೇವಸ್ಥಾನ ಮುಗಿಸಿ ಒಂಬತ್ತಕ್ಕೆ ಹೊರಡಿ, ಬೇಲೂರಲ್ಲಿ ಒಂದು ಗಂಟೆ. ಮುಳ್ಳಯ್ಯನಗಿರಿ ಸೇರಿಸೋ ಆಸೆ ಬೇಡ, ಹೊಳೆನರಸೀಪುರದ ಆಚೆ ಕತ್ತಲಾದರೆ ಕಬ್ಬಿನ ಟ್ರ್ಯಾಕ್ಟರು ಹಿಂದೀಪ ಇಲ್ಲದೆ ಹೋಗ್ತಿರುತ್ತವೆ. ಮನೆಗೆ ಬಂದ ಮಾರನೇ ದಿನ ಕಾರಿನ ತಳಭಾಗ ಪೂರ್ತಿ ತೊಳೆಸಿ, ಉಪ್ಪಿನ ಗಾಳಿ, ಬೀಚಿನ ಮರಳು ಎರಡೂ ಅಲ್ಲೇ ಕೂತು ತುಕ್ಕು ಹಿಡಿಸುತ್ತೆ.